ಅಂಬು ನೋಡಿದ ಸಮುದ್ರ

ಪಟ್ಣದ ಬಸ್ಸು ಬಂದಾಗಲೆಲ್ಲ ಮೈಕಿನಲ್ಲಿ ಕೂಗುವವನು ನಾನೇ. ಆದರೆ ಆ ಬಸ್ಸಿನೊಳಗೆ ಕೂರುವ ಯೋಗ ಬರಲು ನನ್ನ ಮದುವೆಯಾಗಿ ಹನ್ನೊಂದು ವರ್ಷವಾಗಬೇಕಾಯಿತು. ಬಿ.ಎ. ಓದಿದ್ದೇನೆ. ಬಿ.ಎ. ಅಂದರೆ 'ಬನ್ನಿ, ಏರಿ' ಅಂತ ಅರ್ಥ ಮಾಡಿಕೊಂಡು ನಮ್ಮೂರ ಬಸ್‌ಸ್ಟ್ಯಾಂಡಿನವರು ಕೆಲಸ ಕೊಟ್ಟರು. ದಿನವೆಲ್ಲ ಒಂದೇ ದನಿಯಲ್ಲಿ ಕೂಗಿದರೆ ನನಗೇ ತೂಕಡಿಕೆ ಬರುತ್ತದೆಂದು ಒಂದೊಂದು ಬಸ್ಸಿಗೆ ಒಂದೊಂದು ದನಿ ಇಟ್ಟುಕೊಂಡಿದ್ದೇನೆ. ಬೆಳಗಿನ ಬಸ್ಸಿಗೆ ಪುರೋಹಿತರು, ಮಧ್ಯಾಹ್ನದ್ದಕ್ಕೆ ಸೊಪ್ಪು ಮಾರುವ ನಂಜವ್ವ, ಸಂಜೆಯದಕ್ಕೆ ಸ್ವತಃ ನಮ್ಮ ಡಿಪೋ ಮ್ಯಾನೇಜರು. ಮ್ಯಾನೇಜರಿಗೆ ಇದುವರೆಗೂ ಅನುಮಾನ ಬಂದಿಲ್ಲ. ತನ್ನ ದನಿ ಹೇಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲವಲ್ಲ.

ಪಟ್ಣದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಆದರೆ ಜೋಡಿಯಾಗಿ ಹೋಗಬೇಕು, ಹೋದರೂ ಒಂದು ನೋಟ ಇಬ್ಬರಲ್ಲಿ ಒಬ್ಬರಿಗೇ. ಒಬ್ಬರು ನೋಡೋರು, ಇನ್ನೊಬ್ಬರು ಕೇಳೋರು. ಅರಮನೆ ಗಂಡನಿಗೆ ಕಂಡರೆ ಹೆಂಡತಿಗೆ ಆ ಜಾಗದಲ್ಲಿ ಸುಣ್ಣ ಬಳಿದ ಬೋಳು ಗೋಡೆ, ಅಷ್ಟೇ. ಅವಳು ಹೊರಗಿನ ಕಟ್ಟೆಯ ಮೇಲೆ ಕೂತು, ಅವನು ನೋಡಿಕೊಂಡು ಬಂದು ಹೇಳುವುದನ್ನು ಕೇಳಬೇಕು. ಅದಕ್ಕೇ ನಾನು ಅದನ್ನು ಅರಮನೆ ಅನ್ನುವುದಿಲ್ಲ, ಅರೆಮನೆ ಅನ್ನುತ್ತೇನೆ. ಒಂಟಿಯಾಗಿ ಹೋದವರಿಗಂತೂ ಅರಮನೆಯ ಗೋಡೆಯೂ ಒಂದೇ, ಲಾಡ್ಜಿನ ಗೋಡೆಯೂ ಒಂದೇ. ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಜಾತಕ, ಒಡವೆ, ಊಟದ ಎಲೆಯ ಮಾತೆಲ್ಲ ಮುಗಿದ ಮೇಲೆ ಹಿರಿಯರು ಗಂಟಲು ಸರಿಮಾಡಿಕೊಂಡು ಪಟ್ಣದ ಮಾತೆತ್ತುತ್ತಾರೆ. ಅರಮನೆ ಗಂಡಿಗೆ, ಹೂದೋಟ ಹೆಣ್ಣಿಗೆ, ಗಡಿಯಾರದ ಗೋಪುರ ಗಂಡಿಗೆ, ಬಳೆಪೇಟೆ ಹೆಣ್ಣಿಗೆ. ಸಮುದ್ರವನ್ನು ಕೇಳದೆಯೇ ಗಂಡಿಗೆ ಬರೆದುಬಿಡುವುದು ರೂಢಿ.

ಅಂಬುಜಾಕ್ಷಿಯನ್ನು ನೋಡಲು ಹೋದ ದಿನವೂ ಹಾಗೇ ಆಯಿತು. "ಸಮುದ್ರ ಗಂಡಿಗೆ" ಅಂತ ನಮ್ಮ ದೊಡ್ಡಪ್ಪ ಅಂದ ಕೂಡಲೇ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಹುಡುಗಿ, "ಸಮುದ್ರ ನನಗೆ ಬೇಕಿತ್ತು" ಅಂದಳು. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮಾತು ಅದೊಂದೇ. ತಟ್ಟೆಯನ್ನು ಇಳಿಸಲೂ ಇಲ್ಲ, ಯಾರ ಮುಂದೂ ಹಿಡಿಯಲೂ ಇಲ್ಲ.

ನಿಜ ಹೇಳಬೇಕೆಂದರೆ ಸಮುದ್ರ ನನಗೂ ಬೇಕಾಗಿತ್ತು. ನಮ್ಮ ಬೀದಿಯಲ್ಲಿ ಸಮುದ್ರ ನೋಡಿ ಬಂದವರಿದ್ದರು, ಕೇಳಿ ಬಂದವರಿದ್ದರು, ಒಬ್ಬರ ಸಮುದ್ರ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಚನ್ನಯ್ಯನ ಪ್ರಕಾರ ಅದು ಗಿರಣಿಯ ಬೆಲ್ಟು ಕಿತ್ತುಹೋದಾಗ ಬರುವ ಸದ್ದು. ಎದುರುಮನೆಯ ಪುಟ್ಟಗೌರಮ್ಮ ನೋಡಿದವರಲ್ಲ, ಕೇಳಿದವರು. ಯಜಮಾನರು ತೀರಿಕೊಂಡ ಮೇಲೆ ಅವರು ಹೇಳಿದ್ದನ್ನೇ ತಾವು ಹೇಳುತ್ತ ಬಂದಿದ್ದಾರೆ. ಅವರ ಪ್ರಕಾರ ನೂರು ಜನ ಒಟ್ಟಿಗೆ ಚಾಪೆ ಕೊಡವಿದ ಹಾಗೆ. ಇವರೆಲ್ಲರ ಸಮುದ್ರಗಳನ್ನೂ ನಾನು ಅವರವರ ದನಿಯಲ್ಲೇ ಮಾಡಿ ತೋರಿಸಬಲ್ಲೆ. ಮಾಡಬರದಿದ್ದದ್ದು ಸಮುದ್ರವೊಂದೇ. ಅನುಕರಣೆಯ ಚಟ ಇರುವವನಿಗೆ ಕೇಳದ ಸದ್ದೊಂದು ಇದೆ ಅನ್ನುವುದು ಬೆನ್ನಿನ ಮಧ್ಯದ ತುರಿಕೆಯ ಹಾಗೆ. ಕೈ ಎಟುಕುವುದಿಲ್ಲ, ಬಿಡುವುದೂ ಇಲ್ಲ.

ಆದರೂ ಆ ತಟ್ಟೆ ನೋಡಿ ಮನಸ್ಸು ತಡೆಯಲಿಲ್ಲ. ಅಂಬುವಿನ ಅಪ್ಪ ಒಂದೊಂದು ಮಾತಿಗೂ ಮುಂಚೆ ಎರಡು ಸಲ ಕೆಮ್ಮುವವರು, ಎರಡನೆಯದು ಅರ್ಧಕ್ಕೇ ನಿಲ್ಲುತ್ತಿತ್ತು. ಅದೇ ಕೆಮ್ಮು ಕೆಮ್ಮಿ, ಅವರದೇ ದನಿಯಲ್ಲಿ, "ಸಮುದ್ರ ನಿನಗೇ ಕಣಮ್ಮ, ಉಪ್ಪಿಟ್ಟು ಇಳಿಸು" ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಆ ಅಪ್ಪನೇ. ಮದುವೆ ಗಟ್ಟಿಯಾಯಿತು.

ಆಮೇಲೆ ಏನೇನೋ ಅಡ್ಡ ಬಂತು. ನಮ್ಮಮ್ಮನ ಮಂಡಿ, ನನ್ನ ರಜೆ, ಕೊನೆಗೆ ಮಾವನವರ ಕಾಯಿಲೆ. ಅವರು ಹೋದ ಮೇಲೆ ಅಂಬು ಒಂದು ವರ್ಷ ಪಟ್ಣದ ಹೆಸರೆತ್ತಲಿಲ್ಲ. ಆದರೆ ನಲ್ಲಿ ಬಂದ ದಿನ ತೊಟ್ಟಿ ತುಂಬಿದ ಮೇಲೂ ಅವಳು ಅಲ್ಲೇ ನಿಂತು, ನೀರು ಅಂಚಿಗೆ ಬಂದು ಬಾಗಿ ಇನ್ನೇನು ಚೆಲ್ಲುತ್ತದೆ ಅನ್ನುವ ಕ್ಷಣವನ್ನು ನೋಡುತ್ತಿದ್ದಳು. "ನೀರು ಪೋಲಾಗ್ತಿದೆ ಕಣೇ" ಅಂದರೆ, "ಇನ್ನೂ ಚೆಲ್ಲಿಲ್ಲ" ಅನ್ನುತ್ತಿದ್ದಳು. ಈ ಬೇಸಗೆಯಲ್ಲಿ ನಾನೇ ಹಟ ಹಿಡಿದು ರಜೆ ಹಾಕಿದೆ.

ಮೊದಲ ದಿನ ಅರಮನೆ. ಬಾಗಿಲಲ್ಲಿ ಗುಮಾಸ್ತನೊಬ್ಬ ಸ್ಟೂಲಿನ ಮೇಲೆ ಕೂತು, ನೋಡೋರ ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದ. ಬಾಯಿಗೆ ಬಿಡುವಿಲ್ಲ. "ನೋಡೋರು ಈ ಕಡೆ, ಕೇಳೋರು ಆ ಕಡೆ, ಜಗಳ ಆಡೋರು ಸಾಲು ಬಿಟ್ಟು ಪಕ್ಕಕ್ಕೆ. ಜೋಡಿ ಒಳಗೆ, ಜೋಡು ಹೊರಗೆ. ಅಲ್ಲಮ್ಮ, ಜೋಡೀಲಿ ಒಬ್ರೇ ಒಳಗೆ, ಜೋಡು ಎರಡೂ ಹೊರಗೆ." ಈ ಮನುಷ್ಯ ನನ್ನ ಪೂರ್ವಜನ್ಮದ ಅಣ್ಣನಿರಬೇಕು ಅನ್ನಿಸಿತು.

ನಾನು ಒಳಗೆ ಹೋಗಿ ನೋಡಿದೆ, ಹೊರಗೆ ಬಂದು ಕಟ್ಟೆಯ ಮೇಲೆ ಹೇಳಿದೆ. ಬರೀ ಹೇಳಲಿಲ್ಲ. ದರ್ಬಾರಿನ ಬಾಗಿಲು ತೆರೆದಾಗ ಕಿರ್ರೆನ್ನುವುದು, ಗೈಡು ಮೂಗಿನಲ್ಲಿ ಮಾತಾಡುವುದು, ಗೋಡೆಯ ಮೇಲಿನ ಹತ್ತು ತಲೆಮಾರಿನ ದೊರೆಗಳು ಮೀಸೆಯಿಂದ ಮೀಸೆಗೆ ಹೇಗೆ ದಪ್ಪವಾಗುತ್ತ ಹೋದರು ಅನ್ನುವುದು, ಎಲ್ಲವನ್ನೂ ಮಾಡಿ ತೋರಿಸಿದೆ. ಅಂಬು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದ ಕೇಳೋರೆಲ್ಲ ಸರಿದು ಹತ್ತಿರ ಬಂದರು. ಒಬ್ಬಾಕೆ ತನ್ನ ಗಂಡ ಬಂದು "ದೊಡ್ಡ ಮನೆ, ಬಾಳ ಕಂಬ" ಅಂತ ಶುರುಮಾಡಿದರೆ, "ನೀವು ಸುಮ್ನಿರ್ರಿ, ಇವರು ಹೇಳ್ತಿದಾರೆ" ಅಂದುಬಿಟ್ಟಳು.

ಅದರಿಂದ ಒಂದು ಎಡವಟ್ಟಾಯಿತು. ಮಾರನೆಯ ದಿನ ಹೂದೋಟದ ಬಾಗಿಲಲ್ಲಿ ದಾರಕ್ಕೆ ಕೈಯೊಡ್ಡಬೇಕಾದವಳು ಅಂಬು. ಅವಳು, "ನೀವೇ ನೋಡಿ ಬನ್ನಿ ರೀ, ನೀವು ಹೇಳಿದರೇ ಚೆಂದ" ಅಂದಳು. ಬಳೆಪೇಟೆಯಲ್ಲೂ ಅದೇ ಮಾತು. ಬಳೆಪೇಟೆಗೆ ಹೋಗಿ ಬಂದ ಗಂಡಸು, ಹೆಂಡತಿಗೆ ಬಳೆಯ ಸದ್ದು ಮಾಡಿ ತೋರಿಸಿದ್ದು ಆ ಪಟ್ಣದ ಚರಿತ್ರೆಯಲ್ಲೇ ಮೊದಲಿರಬೇಕು. ಗಾಜಿನ ಬಳೆಯ ಸದ್ದಿಗೂ ಚಿನ್ನದ್ದಕ್ಕೂ ಇರುವ ವ್ಯತ್ಯಾಸ ಮಾಡಿ ತೋರಿಸಿದೆ. ಅವಳು ತನ್ನ ಬೋಳು ಕೈ ಅಲ್ಲಾಡಿಸಿ, "ಇದು ಯಾವುದರ ಸದ್ದು?" ಅಂದಳು. "ಇದು ನನ್ನ ಜೇಬಿನ ಸದ್ದು" ಅಂದೆ. ನಕ್ಕಳು. ಹೀಗೆ ಕೊನೆಯ ದಿನದ ಹೊತ್ತಿಗೆ ಪಟ್ಣದಲ್ಲಿ ನಾನು ನೋಡದ್ದು ಉಳಿದಿರಲಿಲ್ಲ, ಅವಳು ನೋಡಿದ್ದು ಅಂತ ಒಂದೂ ಇರಲಿಲ್ಲ. ಕಣ್ಣನ್ನು ಹೆಸರಲ್ಲೇ ಇಟ್ಟುಕೊಂಡ ಅಂಬುಜಾಕ್ಷಿ ಪಟ್ಣವನ್ನು ಪೂರ್ತಿ ಕಿವಿಯಲ್ಲೇ ಮುಗಿಸಿದ್ದಳು. ಸಮುದ್ರವೊಂದು ಬಾಕಿ.

ಸಮುದ್ರದ ಬಾಗಿಲು ಊರ ಪಶ್ಚಿಮದ ಕೊನೆಯಲ್ಲಿದೆ. ಸಾಲಿನಲ್ಲಿ ನಿಂತಾಗ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ನಮ್ಮ ಸರದಿ ಬಂತು. "ನೋಡೋರು?" ಅಂದ ಅಲ್ಲಿನ ಗುಮಾಸ್ತ. ಅಷ್ಟು ದಿನದ ಅಭ್ಯಾಸವೋ, ಅಷ್ಟು ವರ್ಷದ ಆಸೆಯೋ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವನು ದಾರ ಎತ್ತಿಕೊಂಡ. ಅಂಬು ನನ್ನ ಮಣಿಕಟ್ಟನ್ನು ನೋಡಿದಳು. "ನೀವೇ ನೋಡಿ" ಅನ್ನಲಿಲ್ಲ. ನಾನು ಕೈ ತಿರುಗಿಸಿ, ಇಲ್ಲದ ವಾಚಿನಲ್ಲಿ ಗಂಟೆ ನೋಡಿ, ಡಿಪೋ ಮ್ಯಾನೇಜರರ ದನಿಯಲ್ಲಿ, "ಈಗ ಸಮುದ್ರಕ್ಕೆ ಹೊರಡುವವರು ಶ್ರೀಮತಿ ಅಂಬುಜಾಕ್ಷಿ, ದಯವಿಟ್ಟು ದಾರಿ ಬಿಡಿ" ಅಂದೆ. ಗುಮಾಸ್ತ ದಾರವನ್ನು ಅವಳಿಗೆ ಕಟ್ಟಿದ. ಒಳಗೆ ಹೋಗುವಾಗ ತಿರುಗಿ ನೋಡಿ, "ಬಂದು ಹೇಳ್ತೀನಿ" ಅಂದಳು.

ಅವಳಿಗೆ ಕಡಲು, ನನಗೆ ಕಡಲೆ. ಒಂದು ಪೊಟ್ಟಣ ಕೊಂಡು ಕಟ್ಟೆಯ ಮೇಲೆ ಕೂತೆ. ಕೇಳೋರಿಗೆ ಅಲ್ಲಿ ಕಾಣುವುದು ಒಣಹಾಕಿದ ಬಿಳಿ ಪಂಚೆಯಂಥದ್ದೊಂದು, ಎಡದಿಂದ ಬಲಕ್ಕೆ ಉದ್ದಕ್ಕೂ. ಸದ್ದಿಲ್ಲ, ವಾಸನೆ ಇಲ್ಲ. ನಾಲ್ಕು ದಿನದಲ್ಲಿ ನಾನು ಕೇಳೋರ ಕಟ್ಟೆಯ ಮೇಲೆ ಕೂತದ್ದು ಅದೇ ಮೊದಲು. ಅಲ್ಲಿ ಕೂತವನಿಗೆ ತನ್ನ ಕಿವಿಯ ಮೇಲೆ ಎಷ್ಟು ಆಸೆ ಬರುತ್ತದೆಂದರೆ, ಕಡಲೆ ಅಗಿಯುವ ಸದ್ದೂ ಅಡ್ಡಿ ಅನ್ನಿಸಿ ಪೊಟ್ಟಣ ಮಡಿಸಿಟ್ಟೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಮನೆಯವರಿಗೆ ಬಿಟ್ಟಿರೋ?" ಅಂದರು. ಹೌದೆಂದೆ. "ನಾನೂ ಬಿಟ್ಟೆ. ಚೆನ್ನಾಗಿ ಹೇಳ್ತಾಳೆ ನಮ್ಮಾಕೆ." ಆಕೆ ಬಂದು ಪಕ್ಕದಲ್ಲಿ ಕೂತು ಅವರ ಕಿವಿಗೇ ಹೇಳತೊಡಗಿದರು. ನಾನು ಕತ್ತು ಚಾಚಿದೆ, ಅವರು ಸೆರಗು ಅಡ್ಡ ಹಿಡಿದರು. ನ್ಯಾಯವೇ.

ಅಂಬು ಬರುವ ಹೊತ್ತಿಗೆ ನೆರಳು ಕಟ್ಟೆಯಿಂದ ಇಳಿದಿತ್ತು. ಸೀರೆಯ ಅಂಚು ಒದ್ದೆ, ಕೂದಲು ಕೆದರಿದೆ, ಮುಖ ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ. ನಾನು ಜಾಗ ಬಿಟ್ಟು ಸರಿದು, ಬಾಯಿ ಮುಚ್ಚಿಕೊಂಡು, ಕಿವಿ ಕೊಟ್ಟು ಕೂತೆ. ಬಾಯಿ ಮುಚ್ಚಿಕೊಂಡಿದ್ದೆ ಅನ್ನುವುದನ್ನು ನನ್ನನ್ನು ಬಲ್ಲವರು ಗಮನಿಸಬೇಕು.

ಅವಳು ಬಹಳ ಹೊತ್ತು ದಾರದ ಗಂಟು ಬಿಚ್ಚಿದಳು. ಆಮೇಲೆ, "ಚೆನ್ನಾಗಿತ್ತು" ಅಂದಳು.

ಕಾದೆ.

"ದೊಡ್ಡದಿತ್ತು" ಅಂದಳು.

"ಸರಿ. ಮತ್ತೆ?"

"ಮತ್ತೇನು. ನೀರು."

"ನೀರು ಅಂತ ನನಗೂ ಗೊತ್ತು ಕಣೇ. ನೀರು ಏನು ಮಾಡ್ತಿತ್ತು?"

"ಬರ್ತಿತ್ತು" ಅಂದಳು. ದಾರ ಮಡಿಸಿಟ್ಟುಕೊಂಡು, "ಹಸಿವಾಗ್ತಿದೆ ರೀ, ಹೋಗೋಣ್ವಾ?"

ಹೋಟೆಲಿನಲ್ಲಿ ದೋಸೆ ತಿನ್ನುವಾಗ ಕೇಳಿದೆ. ಲಾಡ್ಜಿನಲ್ಲಿ ಬಟ್ಟೆ ತುಂಬುವಾಗ ಕೇಳಿದೆ. ಪುರೋಹಿತರ ದನಿಯಲ್ಲಿ ಸಂಸ್ಕೃತ ಬೆರೆಸಿ ಕೇಳಿದೆ, ನಂಜವ್ವನ ದನಿಯಲ್ಲಿ, "ಏಳವ್ವಾ, ಒಂದ್ ಕಟ್ಟು ಏಳವ್ವಾ, ಕೊಸರು ಬ್ಯಾಡ" ಅಂತ ಕೇಳಿದೆ. ನಕ್ಕಳು, ಹೇಳಲಿಲ್ಲ. ಬಸ್ಸು ಹೊರಟು ಪಟ್ಣ ಹಿಂದೆ ಸರಿಯಿತು. ಕಿಟಕಿ ಅವಳಿಗೆ ಬಿಟ್ಟಿದ್ದೆ. ಒದ್ದೆ ಅಂಚು ಬಿಸಿಲಿಗೆ ಒಣಗುತ್ತ, ಸೀರೆಯ ಹಸಿರಿನ ಮೇಲೆ ಬೆಳ್ಳಗೆ ಗೆರೆ ಬಿಟ್ಟಿತ್ತು. ಬಸ್ಸು ವಾಲಿದಾಗ ಅಂಚು ನನ್ನ ಕಾಲಿಗೆ ತಾಗಿತು. ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಆ ಬಿಳಿ ಗೆರೆಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು. ಅಡಿಗೆಮನೆಯ ಡಬ್ಬಿಯಲ್ಲೂ ಇರುವುದೇ.

"ಏನ್ರೀ ಮಾಡ್ತಿದೀರ?" ಅಂದಳು.

"ನೀನು ಹೇಳಲ್ಲ, ನಿನ್ನ ಸೀರೆಯನ್ನಾದರೂ ಕೇಳೋಣ ಅಂತ."

ಆಗ ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. "ಹೇಳಬಾರದು ಅಂತ ಅಲ್ಲ ರೀ. ಹೇಳಿದರೆ ನಿಮ್ಮದಾಗಿಬಿಡತ್ತೆ."

"ಆಗಲಿ ಬಿಡು, ನಾನೇನು ಹೊರಗಿನವನಾ?"

"ನಾಳೆ ಬೀದಿಯವರೆಲ್ಲ ಕೇಳೋಕೆ ಬರ್ತಾರೆ. ನಾನು ಹೇಳಿದ್ದನ್ನ ನೀವು ಮಾಡಿ ತೋರಿಸ್ತೀರ. ನನಗಿಂತ ಚೆನ್ನಾಗಿ ಮಾಡ್ತೀರ. ಎಲ್ಲ ನಗ್ತಾರೆ, ನಾನೂ ನಗ್ತೀನಿ. ಆಮೇಲೆ ನನಗೂ ನೀವು ಮಾಡಿದ್ದೇ ನೆನಪಿರತ್ತೆ, ನಾನು ನೋಡಿದ್ದು ಇರಲ್ಲ."

"ಎಲ್ಲಾದರೂ ಉಂಟೆ?" ಅಂದೆ.

"ಅಪ್ಪ ಹೇಗೆ ಕೆಮ್ಮುತ್ತಿದ್ದರು ಅಂತ ಈಗ ನನಗೆ ಗೊತ್ತಿಲ್ಲ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ಟಿಕೆಟ್ಟು ಎಲ್ಲಿಟ್ಟೆ ಅಂತ ಹೇಳುವಷ್ಟು ಸಾದಾ. "ನೆನಸಿಕೊಳ್ಳೋಣ ಅಂತ ಕೂತರೆ ನೀವು ಕೆಮ್ಮೋದೇ ಕೇಳತ್ತೆ."

ಕಂಡಕ್ಟರು ನನ್ನ ಪರಿಚಯದವನು. "ಏನ್ ವಾಮನಣ್ಣ, ದನಿ ಪಟ್ಣದಲ್ಲೇ ಬಿಟ್ ಬಂದ್ಯಾ?" ಅಂತ ಕೇಳಿದ.

ಪಟ್ಣಕ್ಕೆ ಹೋಗಿ ಬಂದವರ ಮನೆಗೆ ಮಾರನೆಯ ಸಂಜೆ ಬೀದಿಯವರು ಬರುವುದು ನಮ್ಮಲ್ಲಿ ಮೊದಲಿಂದ ಬಂದದ್ದು. ಚಾಪೆ ಅವರೇ ತರುತ್ತಾರೆ, ಕಾಫಿ ಮನೆಯವರದು. ಎಲ್ಲರ ಹತ್ತಿರವೂ ಅರ್ಧರ್ಧ ಪಟ್ಣ ಇರುವುದರಿಂದ ಯಾರು ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ. ಅವತ್ತು ಜಗುಲಿ ತುಂಬಿ ಕೆಲವರು ಮೆಟ್ಟಿಲ ಮೇಲೂ ಕೂತರು. ನಾನು ಅರಮನೆ ಮಾಡಿದೆ, ಗೋಪುರದ ಗಡಿಯಾರ ಹನ್ನೆರಡು ಹೊಡೆದು ಸುಸ್ತಾಗುವುದನ್ನು ಮಾಡಿದೆ, ಕೆಂಪು ದಾರದ ಗುಮಾಸ್ತನನ್ನು ಮಾಡಿದೆ. ಚನ್ನಯ್ಯ ನಕ್ಕು ನಕ್ಕು ಮೈಮೇಲಿನ ಹಿಟ್ಟೆಲ್ಲ ಉದುರಿಸಿದ. ಅಂಬು ಬಾಗಿಲ ಚೌಕಟ್ಟಿಗೆ ಒರಗಿ, ಕಾಫಿಯ ತಟ್ಟೆ ಎದೆಗವಚಿಕೊಂಡು ನಿಂತಿದ್ದಳು.

"ಎಲ್ಲ ಆಯ್ತಲ್ಲಪ್ಪ, ಸಮುದ್ರ ಎಲ್ಲಿ?" ಅಂದರು ಪುಟ್ಟಗೌರಮ್ಮ. "ಯಾರು ನೋಡಿದ್ದು? ಅಂಬು ತಾನೆ? ಮದುವೇಲೇ ಕೇಳಿ ಇಸ್ಕೊಂಡಿದ್ದಳಲ್ಲ. ಬಾರೇ, ಮುಂದೆ ಬಂದು ಕೂತ್ಕೋ. ಹೆಂಗಸಿನ ಬಾಯಲ್ಲಿ ಸಮುದ್ರ ಕೇಳಿ ಎಷ್ಟು ಕಾಲ ಆಯ್ತು."

ಎಲ್ಲರೂ ಅವಳ ಕಡೆ ತಿರುಗಿದರು. ಬೀದಿಯವರು ಕೇಳಿದ ಮೇಲೆ ಹೇಳದೆ ಇರುವಂತಿಲ್ಲ. "ಚೆನ್ನಾಗಿತ್ತು" ಅಂದರೆ ಬಿಡುವ ಪೈಕಿ ಅಲ್ಲ ಅವರು, ರಾಗಿಕಲ್ಲಿಗೆ ಹಾಕಿದ ಹಾಗೆ ಹಾಕಿ ತಿರುಗಿಸುತ್ತಾರೆ. ಅಂಬುವಿನ ಬಾಯಿ ತೆರೆಯಿತು. ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಸಮುದ್ರ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಬೇಕೆಂದು ಚಿಕ್ಕಂದಿನಿಂದ ಕಾದದ್ದು, ನನ್ನದೇ ಜಗುಲಿಯಲ್ಲಿ, ಬಿಟ್ಟಿಯಾಗಿ.

"ಸಮುದ್ರ ನಾನೇ ನೋಡಿದ್ದು" ಅಂದೆ.

ಅಂಬು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಅದನ್ನು ಮಾತ್ರ ನಾನು ಯಾರಿಗೂ ಮಾಡಿ ತೋರಿಸಲಾರೆ.

"ಬಾಗಿಲಲ್ಲಿ ನನ್ನ ಕೈಯೇ ಮುಂದೆ ಬಂತು, ಏನು ಮಾಡೋದು" ಅಂತ ಮುಂದುವರಿಸಿದೆ. "ಒಳಗೆ ಹೋಗ್ತಿದ್ದ ಹಾಗೇ ಮೈಕಿನಲ್ಲಿ ಕೂಗಿದರು. ಪ್ರಯಾಣಿಕರ ಗಮನಕ್ಕೆ, ಮೂರನೇ ಅಂಕಣಕ್ಕೆ ಬರಬೇಕಾಗಿದ್ದ ಅಲೆ ಟೈರ್ ಪಂಕ್ಚರಾದ ಕಾರಣ ತಡವಾಗಿ ಬರ್ತದೆ." ನಕ್ಕರು. "ಕೊನೆಗೆ ಬಂತಪ್ಪ. ಹೇಗೆ ಬಂತು ಅಂತೀರ? ಚನ್ನಯ್ಯನ ಗಿರಣಿಗೆ ಹಬ್ಬದ ಹಿಂದಿನ ದಿನ ಹೆಂಗಸರು ಬಂದ ಹಾಗೆ. ಒಂದೊಂದು ಅಲೆಯ ತಲೆ ಮೇಲೂ ಒಂದೊಂದು ಡಬ್ಬ." ಮೇಲಿನ ಅಲೆ ಕೆಳಗಿನ ಅಲೆಗೆ "ಸಾಲಲ್ಲಿ ಬಾರೇ" ಅಂತ ಬೈಯುವುದನ್ನು ಮಾಡಿದೆ. ಅಲೆ ಎಮ್ಮೆಯ ಹಾಗೆ ಕೂಗುವುದನ್ನು ಮಾಡಿದೆ, ಮೀನೊಂದು ಡಿಪೋ ಮ್ಯಾನೇಜರರ ದನಿಯಲ್ಲಿ ರಜೆಚೀಟಿ ಕೇಳುವುದನ್ನು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ, ಒಂದಾದರೂ ನಿಜ ತಪ್ಪಿ ನುಸುಳೀತೆಂಬ ಹೆದರಿಕೆಯಲ್ಲಿ ಸುಳ್ಳಿನ ಮೇಲೆ ಸುಳ್ಳು ಹೇರಿದೆ. ನೋಡದಿದ್ದವನಿಗೆ ಅದೊಂದು ಅನುಕೂಲ.

ಮೀನಿನ ರಜೆಚೀಟಿಯ ಹೊತ್ತಿಗೆ ಅಂಬುವಿಗೆ ಅರ್ಥವಾಯಿತು. ತಟ್ಟೆ ಎದೆಯಿಂದ ಇಳಿಯಿತು. ಎಲ್ಲರ ಜೊತೆ ನಕ್ಕಳು, ನಗುವಾಗ ಗೋಡೆಗೆ ತಲೆ ಆನಿಸಿದಳು, ಸಾಮಾನು ಹೊತ್ತು ಬಂದವರು ಇಳಿಸಿ ನಿಲ್ಲುವ ಹಾಗೆ.

ನನಗೆ ಉಸಿರು ಸಾಲದಾಗಿತ್ತು. ಒಂದು ಸುಳ್ಳಿಗೂ ಇನ್ನೊಂದಕ್ಕೂ ನಡುವೆ ನಿಲ್ಲಿಸಿ, ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡೆ. ಉದ್ದಕ್ಕೆ, ಮೆಲ್ಲಗೆ. ಅದು ಅನುಕರಣೆಯಲ್ಲ, ಯಾರ ದನಿಯೂ ಅಲ್ಲ, ಬರೀ ನನ್ನ ಉಸಿರು. ಬೇರೆ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ, ಅವರಿನ್ನೂ ಮೀನಿಗೆ ನಗುತ್ತಿದ್ದರು. ಅಂಬುವಿನ ನಗು ನಿಂತುಹೋಯಿತು. ಅವಳ ಕಣ್ಣು ಜಗುಲಿ ದಾಟಿ, ಬೀದಿ ದಾಟಿ, ಪುಟ್ಟಗೌರಮ್ಮನ ಮಾಡು ದಾಟಿ ಎಲ್ಲಿಗೋ ಹೋಯಿತು. ಕಾಲಬೆರಳು ಮಡಿಸಿಕೊಂಡಳು, ಕೆಳಗಿನಿಂದ ಏನೋ ಜಾರುತ್ತಿದೆ ಅನ್ನುವವರ ಹಾಗೆ.

ಓ, ಅಂದುಕೊಂಡೆ. ಅವಳ ಸಮುದ್ರದ ಸದ್ದು ಇದೇ, ಅಲೆ ಬರುವಾಗ ಅಲ್ಲ. ಹಿಂದಕ್ಕೆ ಹೋಗುವಾಗ.

ತಕ್ಷಣ ಎಮ್ಮೆಯ ಹಾಗೆ ಕೂಗಿದೆ. ಜಗುಲಿಯೆಲ್ಲ ಗೊಳ್ಳೆಂದಿತು. ಅಂಬು ಬೆಚ್ಚಿ, ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಪುಟ್ಟಗೌರಮ್ಮ ಚಾಪೆ ಸುತ್ತಿಕೊಂಡು ಏಳುವಾಗ, "ನಮ್ಮ ಯಜಮಾನರು ಹೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಒಂದೂ ತಾಳೆಯಾಗಲ್ಲವಲ್ಲೋ" ಅಂದರು. "ಅವರು ಬೇರೆ ಬಾಗಿಲಿಂದ ಹೋಗಿದ್ದರೇನೋ ಅಮ್ಮ" ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದೆ. ಅಂಬು ಒಲೆಯಿಂದ ಆಗಷ್ಟೇ ಇಳಿಸಿದ ಸಾರನ್ನು ಅನ್ನದ ಮೇಲೆ ಬಡಿಸಿದಳು. ಹಸಿವಿನಲ್ಲಿ ಯೋಚನೆಯಿಲ್ಲದೆ ಮೊದಲ ತುತ್ತು ಬಾಯಿಗಿಟ್ಟೆ. ಕೆಂಡ. ನಾಲಿಗೆ ಸುಟ್ಟವರು ಯಾರಾದರೂ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಳ್ಳುತ್ತಾರಲ್ಲ, ಅದನ್ನೇ ಮಾಡಲು ಉಸಿರು ಹಲ್ಲಿನ ತನಕ ಬಂತು. ಆ ಸದ್ದು ಅವಳದು, ಅಲ್ಲೇ ತಡೆದೆ. ತುಟಿ ಬಿಗಿಹಿಡಿದು ಹಾಗೇ ನುಂಗಿದೆ. ಗಂಟಲಿನ ಉದ್ದಕ್ಕೂ ಉರಿದುಕೊಂಡು ಇಳಿಯಿತು.

"ಸುಡ್ತಿದೆಯಾ ರೀ?" ಅಂದಳು.

ಇಲ್ಲವೆಂದು ತಲೆಯಾಡಿಸಿದೆ.

"ಕಣ್ಣಲ್ಲಿ ನೀರು ಬಂದಿದೆಯಲ್ಲ."

"ಖಾರ" ಅಂದೆ.

ಅವಳು ತುಪ್ಪದ ಮಿಳ್ಳೆ ತಂದು ಒಂದು ಚಮಚ ಹಾಕಿ, ಎದುರಿಗೆ ಕೂತಳು. ಸೌಟು ಕೈಯಲ್ಲಿ ಹಾಗೇ ಇತ್ತು. ಮೂಗಿನ ತುದಿಯಲ್ಲಿ ಬೆವರು. ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದವಳು, "ನಿನ್ನೆ ನಡುವೆ ಒಂದು ಸಲ ಉಸಿರು ತಗೊಂಡ್ರಲ್ಲ" ಅಂದಳು.

"ಯಾವಾಗ?"

ಅವಳು ಸೌಟನ್ನು ಸಾರಿನ ಪಾತ್ರೆಗೆ ಇಳಿಸಿದಳು. ಕೇಳಿ ತಿಳಿದುಕೊಳ್ಳಬೇಕಾದ್ದೆಲ್ಲ ಆ ಮುಖದಲ್ಲೇ ಇತ್ತು, ಕೇಳಲೂಬಹುದಾಗಿತ್ತು. ನಾನು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ತೆಳ್ಳಗೆ ಹರವಿದೆ.

"ಉಣ್ಣಿ" ಅಂದಳು.

"ಆರಲಿ" ಅಂದೆ.